ಬೆರೆಯುವವರು, ನಾಚುವವರು: ಇಂಗ್ಲಿಷಿನಲ್ಲಿ ಸ್ವಭಾವ ವರ್ಣಿಸಲು ಹಂತ ಹಂತದ ಮಾರ್ಗದರ್ಶಿ

"ಮೈ ಫ್ರೆಂಡ್ ಈಸ್ ವೆರಿ ಫ್ರೀ ಆ್ಯಂಡ್ ಸೋಷಿಯಲ್. ಹಿಸ್ ಬ್ರದರ್ ಈಸ್ ಸೈಲೆಂಟ್ ಆ್ಯಂಡ್ ರಿಸರ್ವ್."

ಶಿರಸಿಯ ಪಿಯುಸಿ ಹುಡುಗ ಬರೆಯಲಿ, ಕಾರವಾರದಲ್ಲಿ ಕೆಲಸದ ಸಂದರ್ಶನಕ್ಕೆ ಹೊರಟ ಡಿಪ್ಲೊಮಾ ಹುಡುಗಿ ಬರೆಯಲಿ, ಗೋಕರ್ಣದಲ್ಲಿ ಹೋಮ್‌ಸ್ಟೇ ನಡೆಸುವವರು ತಮ್ಮ ಪರಿಚಯ ತಾವೇ ಬರೆದುಕೊಳ್ಳಲಿ, ವಾಕ್ಯ ಹೆಚ್ಚುಕಡಿಮೆ ಇದೇ. ನಮ್ಮ ನಮ್ಮೊಳಗೆ ಇದು ಅರ್ಥವಾಗುತ್ತದೆ. ಹೊರಗಿನವರಿಗೆ ಹಾಗಲ್ಲ. ಅವರ ಕಿವಿಗೆ "ಫ್ರೀ" ಅಂದರೆ ಈಗ ಕೈಯಲ್ಲಿ ಕೆಲಸವಿಲ್ಲದವ. "ರಿಸರ್ವ್" ಅಂದರೆ ಕಾಯ್ದಿಟ್ಟದ್ದು, ಇಲ್ಲವೇ ಮೀಸಲು ಅರಣ್ಯ.

ಇದಕ್ಕೆ ಪರಿಹಾರ ಅಂತ ಉದ್ದದ ಪದಪಟ್ಟಿ ಕೊಟ್ಟರೆ ಮುಂದಿನ ವಾರ "ಮೈ ಫ್ರೆಂಡ್ ಈಸ್ ಗ್ರಿಗೇರಿಯಸ್ ಆ್ಯಂಡ್ ಲೊಕ್ವೇಶಸ್" ಎಂದು ಬರೆದು ತರುತ್ತಾರೆ. ಅದು ಮೊದಲಿನದಕ್ಕಿಂತ ಕೆಟ್ಟದ್ದು. ಪದ ಕಡಿಮೆಯಾದದ್ದು ಇಲ್ಲಿನ ತೊಂದರೆ ಅಲ್ಲ. ಎಲ್ಲರೂ ಕನ್ನಡದ ಗುಣವಾಚಕದಿಂದ ಶುರುಮಾಡಿ ನಿಘಂಟಿನ ಮೊದಲ ಅರ್ಥಕ್ಕೆ ಹಾರುತ್ತಾರೆ. ನಡುವೆ ಆಗಬೇಕಾದ ಕೆಲಸ ಬಿಟ್ಟೇಹೋಗುತ್ತದೆ. ಆ ಕೆಲಸ ಯಾವ ಕ್ರಮದಲ್ಲಿ ಆಗಬೇಕು ಎಂಬುದು ಕೆಳಗಿದೆ. ಹಂತ ಹಾರಿಸಬೇಡಿ, ಅದರಲ್ಲೂ ಎರಡನೆಯದನ್ನು.

## ಕೈಗೆ ಏನೇನು ಬೇಕು

ಒಂದು ನೋಟ್‌ಬುಕ್. ಒಂದು ಫೋನ್. ಕಲಿಯುವವರಿಗಾಗಿಯೇ ಮಾಡಿದ ಇಂಗ್ಲಿಷ್-ಇಂಗ್ಲಿಷ್ ನಿಘಂಟು, ಅಂದರೆ ಆಕ್ಸ್‌ಫರ್ಡ್, ಕೇಂಬ್ರಿಜ್ ಅಥವಾ ಲಾಂಗ್‌ಮನ್‌ನವರ ಲರ್ನರ್ಸ್ ಡಿಕ್ಷನರಿ. ಮೂರೂ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ.

ಇಂಗ್ಲಿಷ್-ಕನ್ನಡ ನಿಘಂಟು ಮನೆಯಲ್ಲಿದ್ದರೆ ಇರಲಿ, ಈ ಕೆಲಸಕ್ಕೆ ಮಾತ್ರ ಅದನ್ನು ಪಕ್ಕಕ್ಕಿಡಿ. ಅದರಲ್ಲಿ "ಶೈ", "ಕಾಯ್", "ಬ್ಯಾಶ್‌ಫುಲ್", "ಮಾಡೆಸ್ಟ್" ಎಲ್ಲದಕ್ಕೂ ನಾಚಿಕೆ, ಸಂಕೋಚ ಎಂಬ ಅರ್ಥವೇ ಕಾಣುತ್ತದೆ. ಇವು ನಾಲ್ಕು ಬೇರೆ ಬೇರೆ ಮನುಷ್ಯರಿಗೆ ಹೇಳುವ ಪದಗಳು. ಲರ್ನರ್ಸ್ ಡಿಕ್ಷನರಿಯಲ್ಲಿ ಪ್ರತಿ ಪದಕ್ಕೂ ಉದಾಹರಣೆ ವಾಕ್ಯ ಇರುತ್ತದೆ, ಉಚ್ಚಾರ ಕೇಳಿಸುವ ಗುಂಡಿ ಇರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ "ಡಿಸ್‌ಅಪ್ರೂವಿಂಗ್", "ಫಾರ್ಮಲ್", "ಇನ್‌ಫಾರ್ಮಲ್" ಎಂಬ ಪುಟ್ಟ ಚೀಟಿಗಳಿರುತ್ತವೆ. ನಾಲ್ಕನೇ ಹಂತದಲ್ಲಿ ಆ ಚೀಟಿಗಳದೇ ಕೆಲಸ.

## ಹಂತ 1: ಗುಣ ಬಿಡಿ, ನಡೆದದ್ದು ಬರೆಯಿರಿ

ಯಾರ ಬಗ್ಗೆ ಹೇಳಬೇಕೋ ಅವರು ಎಲ್ಲಿ, ಯಾರ ಎದುರು, ಏನು ಮಾಡಿದರು ಎಂಬುದನ್ನು ಕನ್ನಡದಲ್ಲೇ ಎರಡು ಮೂರು ಸಾಲು ಬರೆಯಿರಿ. "ಮಾತು ಕಡಿಮೆ", "ಒಳ್ಳೆಯವ", "ಫ್ರೆಂಡ್ಲಿ" ಎಂಬಂಥ ತೀರ್ಪು ಬೇಡ. ಕಣ್ಣಿಗೆ ಕಂಡದ್ದು ಮಾತ್ರ ಸಾಕು.

ಹೀಗೆ: "ಮನೆಗೆ ನೆಂಟರು ಬಂದರೆ ಆಸ್ರಿಗೆ (ಕುಡಿಯಲು ಏನಾದರೂ) ತಂದಿಟ್ಟು ಒಳಗೆ ಹೋಗುತ್ತಾಳೆ. ಓರಗೆಯ ಕೂಸುಗಳು (ಹುಡುಗಿಯರು) ಸಿಕ್ಕರೆ ರಾತ್ರಿ ಹನ್ನೆರಡಾದರೂ ಮಾತು ಮುಗಿಯುವುದಿಲ್ಲ." ಅಥವಾ: "ಬಸ್ಸು ದೇವಿಮನೆ ಘಟ್ಟ ಇಳಿಯುವಷ್ಟರಲ್ಲಿ ಪಕ್ಕದ ಸೀಟಿನವರ ಊರು, ಮನೆತನ, ತೋಟ ಎಷ್ಟು ಎಕರೆ, ಮಗನಿಗೆ ಎಲ್ಲಿ ನೌಕರಿ, ಎಲ್ಲ ಕೇಳಿ ಮುಗಿಸಿರುತ್ತಾರೆ."

ಮೊದಲನೆಯದನ್ನು ಬರೆಯದೆ ನೇರ ಪದಕ್ಕೆ ಹೋಗಿದ್ದರೆ ಆ ಹುಡುಗಿ "ಶೈ" ಆಗಿಬಿಡುತ್ತಿದ್ದಳು. ಬರೆದ ಮೇಲೆ ಗೊತ್ತಾಗುತ್ತದೆ: ಹೊಸಬರ ಎದುರು ಮಾತ್ರ ಹಿಂಜರಿಕೆ, ತನ್ನವರ ನಡುವೆ ಅದರ ಸುಳಿವೂ ಇಲ್ಲ. ಇಂಗ್ಲಿಷಿನಲ್ಲಿ ಅದನ್ನು ಹೇಳುವ ದಾರಿಯೇ ಬೇರೆ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು, ಒಂದೇ ಜಾಗದಲ್ಲಿ ಕಂಡದ್ದನ್ನು ಇಡೀ ಸ್ವಭಾವಕ್ಕೆ ಅಂಟಿಸುವುದು. ಕಾರವಾರದ ಕಡೆ ಇದು ಜಾಸ್ತಿ. ನೌಕಾನೆಲೆಗೋ ಕೈಗಾ ಅಣುಸ್ಥಾವರಕ್ಕೋ ಬೇರೆ ರಾಜ್ಯದಿಂದ ವರ್ಗವಾಗಿ ಬಂದವರ ಮಗು ತರಗತಿಯಲ್ಲಿ ಬಾಯಿ ಬಿಡುವುದಿಲ್ಲ. ಅದಕ್ಕೆ ನಾಚಿಕೆಯೇ ಕಾರಣ ಅನ್ನುವ ಹಾಗಿಲ್ಲ, ಕನ್ನಡವೂ ಕೊಂಕಣಿಯೂ ಬರದಿರಬಹುದು. ಅಂಥ ಮಗುವಿಗೆ ಸರಿಯಾದ ಮಾತು "ಶೀ ಈಸ್ ಸ್ಟಿಲ್ ಸೆಟ್ಲಿಂಗ್ ಇನ್". ಅವಳು ಇನ್ನೂ ಹೊಂದಿಕೊಳ್ಳುತ್ತಿದ್ದಾಳೆ ಅಂತ. ಅದು ಸ್ವಭಾವದ ಪದವೇ ಅಲ್ಲ.

## ಹಂತ 2: ಮಾತಾಡದಿರುವುದು ಏತಕ್ಕೆ?

ಸೋಲುವವರಲ್ಲಿ ಹೆಚ್ಚಿನವರು ಸೋಲುವುದು ಇಲ್ಲೇ. ಕನ್ನಡದಲ್ಲಿ "ಮಾತು ಕಮ್ಮಿ" ಅಂದರೆ ಸಾಕಾಗುತ್ತದೆ. ಮಾತು ಕಮ್ಮಿ ಏಕೆ ಎಂಬುದರ ಮೇಲೆ ಇಂಗ್ಲಿಷಿನ ಪದ ಬದಲಾಗುತ್ತದೆ. ಹಾಗಾಗಿ ನೀವು ಬರೆದ ಸಾಲಿನ ಪಕ್ಕ ಕಾರಣ ಬರೆಯಿರಿ. ಭಯವೋ, ಅಭ್ಯಾಸವೋ, ಇಷ್ಟವೋ, ಜಂಬವೋ, ನೋವೋ?

ಮಾತಾಡುವ ಆಸೆ ಇದೆ, ಆದರೆ ಎದುರು ಜನ ಕಂಡರೆ ಮುಜುಗರ, ಮೈ ಬಿಸಿಯಾಗುತ್ತದೆ. ಇದು ಶೈ. ಬೈಗುಳವಲ್ಲ, ಹೊಗಳಿಕೆಯೂ ಅಲ್ಲ. ಮಕ್ಕಳಿಗೂ ದೊಡ್ಡವರಿಗೂ ಸಲ್ಲುತ್ತದೆ.

ಮುಜುಗರವೇನೂ ಇಲ್ಲ, ಸುಮ್ಮನೆ ಮಾತು ಕಡಿಮೆ. ಕೇಳಿದರೆ ನೆಟ್ಟಗೆ ಉತ್ತರ ಕೊಡುತ್ತಾರೆ. ಇದು ಕ್ವಾಯಟ್. ನಾವು "ಸೈಲೆಂಟ್" ಎಂದು ಬರೆಯುವ ಹತ್ತು ಕಡೆಗಳಲ್ಲಿ ಒಂಬತ್ತು ಕಡೆ ಬೇಕಾದ ಪದ ಇದೇ. "ಸೈಲೆಂಟ್" ಎನ್ನುವುದು ಹೆಚ್ಚಾಗಿ ಆ ಹೊತ್ತಿನ ಮೌನಕ್ಕೆ ಹೇಳುವ ಮಾತು: ಪ್ರಶ್ನೆ ಕೇಳಿದಾಗ ಇಡೀ ತರಗತಿ ಸೈಲೆಂಟ್ ಆಯಿತು. ಕಾಗುಣಿತದಲ್ಲೂ ಎಚ್ಚರ ಇರಲಿ. "ಕ್ವಾಯಟ್"ನ ಕೊನೆಗೆ ಇ, ಟಿ. ಅದು ತಿರುಗಿ ಟಿ, ಇ ಆದರೆ "ಕ್ವೈಟ್" ಆಗಿ, "ಸಾಕಷ್ಟು" ಎಂಬ ಅರ್ಥ ಬರುತ್ತದೆ. ಫೋನಿನ ಸ್ಪೆಲ್‌ಚೆಕ್ ಇದನ್ನು ಎಷ್ಟೋ ಸಲ ಹಿಡಿಯುವುದೇ ಇಲ್ಲ, ಎರಡೂ ಸರಿಯಾದ ಪದಗಳೇ ಅಲ್ಲವೇ.

ಮಾತಾಡುತ್ತಾರೆ, ಆದರೆ ಮನಸ್ಸಿನೊಳಗಿನದು ಬಿಟ್ಟುಕೊಡುವುದಿಲ್ಲ. ಹತ್ತು ವರ್ಷ ಪರಿಚಯ ಇದ್ದರೂ ಮನೆ ವಿಷಯ ನಿಮಗೆ ಗೊತ್ತಿರುವುದಿಲ್ಲ. ಇದು ರಿಝರ್ವ್ಡ್. ಕೊನೆಯ "ಡ್" ಕಡ್ಡಾಯ. "ರಿಸರ್ವ್ ಟೈಪ್" ಕನ್ನಡದ ಮಾತಾಗಿ ಚೆನ್ನಾಗಿಯೇ ಇದೆ, ಇಂಗ್ಲಿಷ್ ಬರಹಕ್ಕೆ ಒಯ್ಯಬೇಡಿ.

ಜನರ ಜೊತೆ ಇದ್ದು ಬಂದರೆ ದಣಿವು, ಒಬ್ಬರೇ ಕುಳಿತರೆ ಚೇತರಿಕೆ. ಇದು ಇನ್‌ಟ್ರೊವರ್ಟ್. ಇದಕ್ಕೂ ನಾಚಿಕೆಗೂ ಗಂಟು ಹಾಕುವವರು ಬಹಳ. ತಾಳಮದ್ದಳೆ ನೋಡಿದವರಿಗೆ ವ್ಯತ್ಯಾಸ ಹೇಳಿಕೊಡಬೇಕಿಲ್ಲ. ವೇಷವಿಲ್ಲ, ಕುಣಿತವಿಲ್ಲ, ಬರೀ ಮಾತಿನ ಬಲದ ಮೇಲೆ ರಾತ್ರಿಯಿಡೀ ಸಭೆಯನ್ನು ಹಿಡಿದಿಡುವ ಅರ್ಥಧಾರಿ, ಪ್ರಸಂಗ ಮುಗಿದ ಮೇಲೆ ಚಹಾ ಹಿಡಿದು ಮೂಲೆಯಲ್ಲಿ ಒಬ್ಬನೇ ಕೂರಬಹುದು. ಅವನು ಶೈ ಅಲ್ಲ. ಶೈ ಆಗಿದ್ದರೆ ಕೃಷ್ಣನ ಅರ್ಥ ಹೇಳುತ್ತಲೇ ಇರಲಿಲ್ಲ ಅಂತಲೂ ಅಲ್ಲ, ಅಂಥವರೂ ಇದ್ದಾರೆ. ಅದಕ್ಕೇ ಕಾರಣ ಕೇಳಿ ಅಂದದ್ದು.

ಧೈರ್ಯವೇ ಇಲ್ಲ, ದನಿ ಎತ್ತಿದರೆ ನಡುಗುತ್ತಾರೆ. ಇದು ಟಿಮಿಡ್. ಅಂಜುಬುರುಕ ಎಂಬುದಕ್ಕೆ ಹತ್ತಿರ. ಬೆಳೆದವರಿಗೆ ಹೇಳಿದರೆ ಚುಚ್ಚುತ್ತದೆ. ಶಿಫಾರಸು ಪತ್ರದಲ್ಲಿ ಈ ಪದ ಬರೆದರೆ ಆ ಹುಡುಗನಿಗೆ ಸಿಗುವ ಕೆಲಸ ತಪ್ಪಿಸಿದಂತೆ.

ತನ್ನ ಬಟ್ಟೆ, ದನಿ, ಮೈಬಣ್ಣ, ಇಂಗ್ಲಿಷ್ ಇವನ್ನು ಬೇರೆಯವರು ಹೇಗೆ ನೋಡುತ್ತಾರೋ ಎಂಬ ಚಿಂತೆ. ಇದು ಸೆಲ್ಫ್-ಕಾನ್ಶಸ್. ಇದನ್ನು ಆತ್ಮವಿಶ್ವಾಸ ಎಂದುಕೊಂಡು "ಐ ಆ್ಯಮ್ ವೆರಿ ಸೆಲ್ಫ್-ಕಾನ್ಶಸ್" ಎಂದು ಸಂದರ್ಶನದಲ್ಲಿ ಹೆಮ್ಮೆಯಿಂದ ಹೇಳುವವರಿದ್ದಾರೆ. ಅರ್ಥ ಪೂರ್ತಿ ತಿರುಗುಮುರುಗು. ಆತ್ಮವಿಶ್ವಾಸಕ್ಕೆ "ಕಾನ್ಫಿಡೆಂಟ್" ಅನ್ನಿ, ಮುಗಿಯಿತು.

ಬೇಕೆಂದೇ ದೂರ ನಿಲ್ಲುತ್ತಾರೆ, ನಿಮ್ಮ ಜೊತೆ ಮಾತು ತಮ್ಮ ಘನತೆಗೆ ಕಡಿಮೆ ಎಂಬಂತೆ. ಇದು ಅಲೂಫ್. ಆಡುಮಾತಿನಲ್ಲಿ ಸ್ಟ್ಯಾಂಡಾಫಿಶ್. ಎರಡೂ ಟೀಕೆ. ನಿಜವಾಗಿ ನಾಚಿಕೆಯವರನ್ನು ಜಂಬದವರೆಂದು ತಿಳಿಯುವುದು ನಮ್ಮಲ್ಲೂ ಉಂಟು, "ಕರೆದ್ರೂ ಮಾತಾಡ್ಸೂದಿಲ್ಲ" ಅಂತ. ಹಾಗಾಗಿ ಈ ಪದ ಬಳಸುವ ಮುನ್ನ ಖಾತ್ರಿ ಮಾಡಿಕೊಳ್ಳಿ. ಖಾತ್ರಿ ಇಲ್ಲದಿದ್ದರೆ "ಹೀ ಕಮ್ಸ್ ಅಕ್ರಾಸ್ ಆಸ್ ಅಲೂಫ್" ಎನ್ನಿ. ನೋಡಿದವರಿಗೆ ಹಾಗೆ ಅನಿಸುತ್ತದೆ ಎಂದಷ್ಟೇ ಅದರ ಅರ್ಥ, ಒಳಗೆ ಹೇಗಿದ್ದಾನೋ ಅದು ಬೇರೆ.

ಮೊದಲು ಚೆನ್ನಾಗಿ ಬೆರೆಯುತ್ತಿದ್ದವರು ಈಗ ಯಾರನ್ನೂ ಸೇರುವುದಿಲ್ಲ. ಇದು ವಿಥ್‌ಡ್ರಾನ್. ಇದರಲ್ಲಿ ಹೆಚ್ಚಾಗಿ ಬದಲಾವಣೆಯ, ಕಳವಳದ ಸುಳಿವಿದೆ. ಶಿಕ್ಷಕರು ಮಗುವಿನ ವರದಿಯಲ್ಲಿ ಇದನ್ನು ಬರೆದರೆ ಪೋಷಕರು "ಏನೋ ಆಗಿದೆ" ಎಂದೇ ಓದುತ್ತಾರೆ. ಹುಟ್ಟಿನಿಂದ ಮಾತು ಕಡಿಮೆ ಇರುವ ಮಗುವಿಗೆ ಇದು ಬೇಡ.

ಇನ್ನೆರಡು ಬೇಗ ಮುಗಿಸುತ್ತೇನೆ. ಮೆಲುದನಿಯವರಿಗೆ ಸಾಫ್ಟ್-ಸ್ಪೋಕನ್. ಬಡಾಯಿ ಇಲ್ಲದವರಿಗೆ ಮಾಡೆಸ್ಟ್. ಅವರು ಗಂಟೆಗಟ್ಟಲೆ ಮಾತಾಡುವವರೂ ಆಗಿರಬಹುದು. ಇನ್ನು ಕಾಯ್ ಎಂಬ ಪದವನ್ನು ಮುಟ್ಟಲೇಬೇಡಿ. ಅದು ಹೆಚ್ಚಾಗಿ ನಾಚಿದಂತೆ ನಟಿಸಿ ಗಮನ ಸೆಳೆಯುವವರಿಗೆ ಹೇಳುವ ಮಾತು, ಅತ್ತಿಗೆಯ ಬಗ್ಗೆ ಬರೆದು ಮನೆಯಲ್ಲಿ ಜಗಳ ಆಗುವುದು ಬೇಡ.

### ನಾಚಿಕೆ ಎಂಬ ಗಂಟು

ಕನ್ನಡದ ನಾಚಿಕೆ ಒಂದೇ ಪದದಲ್ಲಿ ಮೂರು ಕೆಲಸ ಮಾಡುತ್ತದೆ. ಸ್ವಭಾವದ ನಾಚಿಕೆ "ಶೈ". ಮದುವೆ ಮನೆಯಲ್ಲಿ ಎಲ್ಲರೆದುರು ಕಾಲು ಜಾರಿ ಬಿದ್ದಾಗ ಆಗುವ ನಾಚಿಕೆ "ಎಂಬ್ಯಾರಸ್ಡ್". ಸುಳ್ಳು ಹೇಳಿ ಸಿಕ್ಕಿಬಿದ್ದಾಗ ಆಗುವ ನಾಚಿಕೆ "ಅಶೇಮ್ಡ್". "ಐ ಆ್ಯಮ್ ಅಶೇಮ್ಡ್ ಟು ಟಾಕ್ ಟು ಗೆಸ್ಟ್ಸ್" ಎಂದು ಬರೆದರೆ ನೀವೇನೋ ಅಪರಾಧ ಮಾಡಿದಂತೆ ಕೇಳುತ್ತದೆ. "ಐ ಆ್ಯಮ್ ಶೇಮ್‌ಫುಲ್" ಇನ್ನೂ ಘೋರ.

ದಾಕ್ಷಿಣ್ಯ ಇದರ ಪಕ್ಕದ ಮನೆಯದು. ಹೋಳಿಗೆ ಇನ್ನೊಂದು ಬೇಕಿದ್ದರೂ "ಬೇಡ, ಬೇಡ" ಎನ್ನುವವರಿಗೆ "ಶೈ" ಸರಿಹೊಂದುವುದಿಲ್ಲ. "ಶೀ ಈಸ್ ಟೂ ಪೊಲೈಟ್ ಟು ಆಸ್ಕ್" ಎನ್ನಬಹುದು. ಇಲ್ಲ ಎನ್ನಲಾಗದ ದಾಕ್ಷಿಣ್ಯಕ್ಕೆ "ಹೀ ಫೈಂಡ್ಸ್ ಇಟ್ ಹಾರ್ಡ್ ಟು ಸೇ ನೋ". ಒಂದೇ ಪದ ಹುಡುಕಿ ಸಮಯ ಕಳೆಯಬೇಡಿ, ಇಲ್ಲಿ ವಾಕ್ಯವೇ ಬೇಕು.

## ಹಂತ 3: ಬೆರೆಯುವವರಲ್ಲಿ ಬಗೆ ಬೇರೆ ಮಾಡಿ

ಶಿರಸಿ ಪೇಟೆಯಲ್ಲಿ ಯಾರೂ ಬರೀ "ಅಡಿಕೆ" ಎಂದು ದರ ಕೇಳುವುದಿಲ್ಲ. ರಾಶಿಯೋ, ಚಾಲಿಯೋ, ಬೆಟ್ಟೆಯೋ ಎಂಬುದು ಮೊದಲು ಇತ್ಯರ್ಥವಾಗಬೇಕು. "ಬೆರೆಯುವ ಸ್ವಭಾವ" ಎಂಬುದಕ್ಕೂ ಅದೇ ವಿಂಗಡಣೆ ಬೇಕು.

ಜನರ ಸಹವಾಸ ಇಷ್ಟ, ಕೂಟ ಇದ್ದರೆ ಹೋಗಿಯೇ ಹೋಗುತ್ತಾರೆ: ಸೋಶಬಲ್. ಮೂರೇ ತುಂಡಿನಲ್ಲಿ ಹೇಳಿ, ಸೋ-ಶ-ಬಲ್. "ಸೋಷಿಯಲ್" ಎಂಬ ರೂಪ ಮನುಷ್ಯರಿಗೂ ಕೆಲವೆಡೆ ನಡೆಯುತ್ತದೆ, ಆದರೆ ಪರೀಕ್ಷೆಯಲ್ಲೂ ಪತ್ರದಲ್ಲೂ "ಸೋಶಬಲ್" ಬರೆದವರಿಗೆ ಅಪಾಯವಿಲ್ಲ.

ಹೊಸಬರನ್ನು ತಾವಾಗಿಯೇ ಮಾತಾಡಿಸುತ್ತಾರೆ, ಸಭೆಯಲ್ಲಿ ಹಿಂದೆ ಬೀಳುವುದಿಲ್ಲ: ಔಟ್‌ಗೋಯಿಂಗ್. ಮನೆಯಲ್ಲಿ ಇರದೆ ಹೊರಗೆ ತಿರುಗುವವ ಎಂದು ಹಲವರು ತಿಳಿದಿದ್ದಾರೆ, ಹಾಗಲ್ಲ. ಹುದ್ದೆಯ ಹೆಸರಿನ ಹಿಂದೆ ಬಂದರೆ ಮಾತ್ರ ಅರ್ಥ ಬೇರೆ: "ಔಟ್‌ಗೋಯಿಂಗ್ ಪ್ರೆಸಿಡೆಂಟ್" ಅಂದರೆ ಅಧಿಕಾರ ಬಿಡುತ್ತಿರುವ ಅಧ್ಯಕ್ಷರು. ಸಂಘದ ಸ್ವಾಗತ ಭಾಷಣದಲ್ಲಿ ಅಧ್ಯಕ್ಷರನ್ನು ಹೊಗಳಲು ಹೋಗಿ ನಿವೃತ್ತಿ ಮಾಡಿಸಬೇಡಿ.

ಹರಟೆ ಇಷ್ಟ, ಕೇಳುವವರಿಗೂ ಹಿತ: ಚಾಟಿ. ಕಾರವಾರದ ಮೀನು ಮಾರುಕಟ್ಟೆಯಲ್ಲಿ ಬಂಗಡೆ ಆರಿಸುತ್ತಲೇ ನಿಮ್ಮ ಮಗಳ ಪರೀಕ್ಷೆ, ಅತ್ತೆಯ ಮಂಡಿನೋವು ವಿಚಾರಿಸಿಕೊಳ್ಳುವ ಹೆಂಗಸಿಗೆ ಇದು ಸರಿಯಾದ ಪದ. ಟಾಕಟಿವ್ ಎಂದರೆ ಮಾತು ಹೆಚ್ಚು ಅಂತ. ಕೆಲವೊಮ್ಮೆ ಬರೀ ಸಂಗತಿ, ಕೆಲವೊಮ್ಮೆ "ಸ್ವಲ್ಪ ಬಾಯಿ ಮುಚ್ಚಿದರೆ ಒಳ್ಳೆಯದಿತ್ತು" ಎಂಬ ಧ್ವನಿ. ಶಾಲಾ ವರದಿಯಲ್ಲಿ ಬಂದರೆ ಅದು ದೂರು.

ಯಾರು ಬೇಕಾದರೂ ಹೋಗಿ ಕೇಳಬಹುದು, ಗದರುವುದಿಲ್ಲ: ಅಪ್ರೋಚಬಲ್. ಮೇಲಧಿಕಾರಿ, ವೈದ್ಯರು, ಶಿಕ್ಷಕರಿಗೆ ಚೆನ್ನ. ದಾರಿಯಲ್ಲಿ ಹೋಗುವವರನ್ನೂ "ಬನ್ನಿ, ಕವಳ (ಎಲೆ-ಅಡಿಕೆ) ಹಾಕಿ ಹೋಗಿ" ಎಂದು ಜಗಲಿಗೆ ಕರೆಯುವ ಮನೆಯವರಿಗೆ ಹಾಸ್ಪಿಟಬಲ್ ಅಥವಾ ವೆಲ್‌ಕಮಿಂಗ್. ಹೋಮ್‌ಸ್ಟೇಯವರೇ, ನಿಮಗೆ ಬೇಕಾದ ಪದ "ಸೋಷಿಯಲ್" ಅಲ್ಲ, ಇವೆರಡರಲ್ಲಿ ಒಂದು.

ಯಾವುದಕ್ಕೂ ತಲೆಕೆಡಿಸಿಕೊಳ್ಳದೆ ಎಲ್ಲರ ಜೊತೆ ಹೊಂದಿಕೊಳ್ಳುವವರು: ಈಸಿಗೋಯಿಂಗ್. ನಮ್ಮ "ಜಾಲಿ ಟೈಪ್", "ಫ್ರೀ ಇದಾನೆ" ಎಂಬ ಮಾತುಗಳು ಬಹುಪಾಲು ಇಲ್ಲಿಗೇ ಬಂದು ನಿಲ್ಲುತ್ತವೆ. "ಫ್ರ್ಯಾಂಕ್" ಬೇರೆ. ಮುಖಕ್ಕೆ ಹೊಡೆದಂತೆ ಇದ್ದದ್ದು ಹೇಳುವವರಿಗೆ ಆ ಪದ, ಬೆರೆಯುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಮತ್ತೆ ಆ ಘಟ್ಟದ ಬಸ್ಸಿನವರು? ತೋಟ ಎಷ್ಟು ಎಕರೆ, ಸಂಬಳ ಎಷ್ಟು ಎಂದು ಕೇಳಿದವರು? ನಮ್ಮ ಕಡೆ ಅದು ಆತ್ಮೀಯತೆ. ಬ್ರಿಟನ್ನಿನಿಂದ ಬಂದ ಪ್ರವಾಸಿ ಅದನ್ನು ನೋಸಿ ಎನ್ನಬಹುದು. ಮೂಗು ತೂರಿಸುವವರು ಅಂತ. ಅದೇ ನಡೆ, ಎರಡು ತೀರ್ಪು. ಬರೆಯುವವರು ನೀವು, ಯಾರ ಕಣ್ಣಿನಿಂದ ಬರೆಯುತ್ತೀರೋ ಮೊದಲು ತೀರ್ಮಾನಿಸಿ.

ಗ್ರಿಗೇರಿಯಸ್ ಬಗ್ಗೆ ಒಂದು ಮಾತು. ಗುಂಪಿನಲ್ಲಿ ಇರಲು ಬಯಸುವವರಿಗೆ ಅದು ಒಳ್ಳೆಯ ಪದವೇ, ಬರಹಕ್ಕೆ ಸಲ್ಲುತ್ತದೆ. ಆದರೆ ಸುತ್ತಲಿನ ವಾಕ್ಯಗಳೆಲ್ಲ ಐದನೇ ತರಗತಿಯ ಇಂಗ್ಲಿಷ್‌ನಲ್ಲಿದ್ದು ಇದೊಂದೇ ಪಟ್ಟೆ ಉಟ್ಟು ನಿಂತರೆ ಕಂಠಪಾಠ ಎಂದು ಓದುವವರಿಗೆ ತಿಳಿದುಹೋಗುತ್ತದೆ.

## ಹಂತ 4: ಚೀಟಿ ನೋಡಿ

ಈಗ ನಿಮ್ಮ ಬಳಿ ಒಂದು ಪದ ಇದೆ. ನಿಘಂಟು ತೆರೆದು ಚೀಟಿ ನೋಡಿ. ಆಕ್ಸ್‌ಫರ್ಡ್‌ನವರದರಲ್ಲಿ "ನೋಸಿ" ಹುಡುಕಿದರೆ "ಇನ್‌ಫಾರ್ಮಲ್, ಡಿಸ್‌ಅಪ್ರೂವಿಂಗ್" ಎಂದು ಇರುತ್ತದೆ. ಆಡುಮಾತು, ಅದರಲ್ಲೂ ಆಕ್ಷೇಪ. ಅಂಥ ಪದ ಶಿಫಾರಸು ಪತ್ರಕ್ಕಾಗಲಿ, ಸಹೋದ್ಯೋಗಿಯ ಪರಿಚಯಕ್ಕಾಗಲಿ ಹೋಗಬಾರದು.

ಚೀಟಿ ಇಲ್ಲದಿದ್ದರೆ ಉದಾಹರಣೆ ವಾಕ್ಯಗಳನ್ನು ಓದಿ. ಆ ಪದದ ಅಕ್ಕಪಕ್ಕ ಒಳ್ಳೆಯ ಮಾತುಗಳಿವೆಯೋ, ಗೊಣಗಾಟವಿದೆಯೋ? ಎರಡು ನಿಮಿಷದ ಕೆಲಸ. ಬಿಟ್ಟರೆ ಮಾತ್ರ ಆಪ್ತರಿಗೇ ಬೈದು ಕೂರುತ್ತೀರಿ.

## ಹಂತ 5: ವಾಕ್ಯಕ್ಕೆ ಕೂರಿಸಿ

ಪ್ರಶ್ನೆಯಿಂದ ಶುರುಮಾಡೋಣ, ಅನೇಕರು ಪ್ರಶ್ನೆಯನ್ನೇ ತಪ್ಪು ತಿಳಿಯುತ್ತಾರೆ. "ನಿನ್ನ ತಮ್ಮ ಹೇಗೆ?" ಎಂದು ಸ್ವಭಾವ ಕೇಳಲು "ವಾಟ್ ಈಸ್ ಯುವರ್ ಬ್ರದರ್ ಲೈಕ್?" ಎನ್ನಬೇಕು. "ಹೌ ಈಸ್ ಯುವರ್ ಬ್ರದರ್?" ಎಂದರೆ ಆರೋಗ್ಯ ವಿಚಾರಣೆ. "ವಾಟ್ ಡಸ್ ಯುವರ್ ಬ್ರದರ್ ಲೈಕ್?" ಎಂದರೆ ಅವನಿಗೇನು ಇಷ್ಟ ಅಂತ. ಸಂದರ್ಶನದಲ್ಲಿ ಮೊದಲನೆಯ ಪ್ರಶ್ನೆಗೆ "ಹೀ ಲೈಕ್ಸ್ ಕ್ರಿಕೆಟ್" ಎಂದು ಉತ್ತರ ಕೊಟ್ಟವರು ಕಡಿಮೆ ಇಲ್ಲ.

ಉತ್ತರ ಕಟ್ಟುವಾಗ "ನೇಚರ್" ಬೇಡ. "ಹಿಸ್ ನೇಚರ್ ಈಸ್ ಶೈ", "ಹೀ ಈಸ್ ಹ್ಯಾವಿಂಗ್ ಶೈ ನೇಚರ್" ಎರಡನ್ನೂ ಹೊಡೆದುಹಾಕಿ "ಹೀ ಈಸ್ ಶೈ" ಎಂದು ಬರೆಯಿರಿ. ಮೂರೇ ಪದ. ಸಣ್ಣದಾಯಿತಲ್ಲ ಎಂಬ ಅಳುಕು ಬೇಡ. "ಹೀ ಈಸ್ ಬೀಯಿಂಗ್ ಶೈ" ಎಂಬುದೂ ಉಂಟು, ಅದು ಈಗ, ಈ ಹೊತ್ತಿನಲ್ಲಿ ನಾಚುತ್ತಿದ್ದಾನೆ ಎಂಬ ಅರ್ಥಕ್ಕೆ.

"ಇನ್‌ಟ್ರೊವರ್ಟ್", "ಎಕ್ಸ್‌ಟ್ರೊವರ್ಟ್" ನಾಮಪದಗಳು. ಹಾಗಾಗಿ "ಐ ಆ್ಯಮ್ ಇನ್‌ಟ್ರೊವರ್ಟ್" ತಪ್ಪು, "ಐ ಆ್ಯಮ್ ಆ್ಯನ್ ಇನ್‌ಟ್ರೊವರ್ಟ್" ಸರಿ. ವಿಶೇಷಣ ಬೇಕಿದ್ದರೆ ಕೊನೆಗೆ "ಎಡ್" ಸೇರಿಸಿ, "ಇನ್‌ಟ್ರೊವರ್ಟೆಡ್" ಎನ್ನಿ, ಆಗ "ಆ್ಯನ್" ಬೇಕಿಲ್ಲ.

"ಫ್ರೆಂಡ್ಲಿ" ಪದದ ಕೊನೆಗೆ "ಲಿ" ಇದೆ ಎಂದು ಕ್ರಿಯಾವಿಶೇಷಣ ಮಾಡಬೇಡಿ. "ಶೀ ಟಾಕ್ಸ್ ಫ್ರೆಂಡ್ಲಿ" ಎನ್ನುವುದಿಲ್ಲ, "ಶೀ ಟಾಕ್ಸ್ ಇನ್ ಎ ಫ್ರೆಂಡ್ಲಿ ವೇ" ಎನ್ನುತ್ತಾರೆ. ಸುಲಭ ದಾರಿ, "ಶೀ ಈಸ್ ಫ್ರೆಂಡ್ಲಿ".

ಜನರೆದುರಿನ ನಾಚಿಕೆಗೆ "ವಿತ್", ಕೆಲಸದ ನಾಚಿಕೆಗೆ "ಅಬೌಟ್": "ಶೈ ವಿತ್ ಸ್ಟ್ರೇಂಜರ್ಸ್", "ಶೈ ಅಬೌಟ್ ಸಿಂಗಿಂಗ್ ಇನ್ ಪಬ್ಲಿಕ್". ಒಂದನೇ ಹಂತದಲ್ಲಿ "ಯಾರ ಎದುರು" ಎಂದು ಬರೆಸಿದ್ದು ಇಲ್ಲಿ ನೇರ ಬಳಕೆಗೆ ಬಂತು.

ಒಂಟಿ ವಿಶೇಷಣಕ್ಕಿಂತ ಕ್ರಿಯಾಪದದ ನುಡಿಗಟ್ಟು ಎಷ್ಟೋ ಸಲ ಹೆಚ್ಚು ಸಹಜ. ತನ್ನಷ್ಟಕ್ಕೆ ಇರುವವನಿಗೆ "ಹೀ ಕೀಪ್ಸ್ ಟು ಹಿಮ್‌ಸೆಲ್ಫ್". ಪರಿಚಯವಾದ ಮೇಲೆ ಬಾಯಿಬಿಡುವವಳಿಗೆ "ಶೀ ಓಪನ್ಸ್ ಅಪ್ ಒನ್ಸ್ ಶೀ ನೋಸ್ ಯು". ಎಲ್ಲರ ಜೊತೆ ಹೊಂದುವವರಿಗೆ "ಶೀ ಗೆಟ್ಸ್ ಆನ್ ವಿತ್ ಎವ್ರಿವನ್". ನಾಚಿಕೆ ಬಿಟ್ಟು ಈಚೆ ಬಂದವನಿಗೆ "ಹೀ ಹ್ಯಾಸ್ ಕಮ್ ಔಟ್ ಆಫ್ ಹಿಸ್ ಶೆಲ್". ಈ ನಾಲ್ಕು ಬಾಯಿಗೆ ಹತ್ತಿದರೆ ಪಟ್ಟಿಯ ಅರ್ಧ ಪದಗಳು ಬೇಕಾಗುವುದೇ ಇಲ್ಲ.

## ಹಂತ 6: ಹದ, ಮತ್ತು "ಬಟ್" ಎಲ್ಲಿಡಬೇಕು

ಕಡಿಮೆ ಹಿತವಾದ ಗುಣ ಹೇಳುವಾಗ ಇಂಗ್ಲಿಷಿನವರು ಅಂಚು ಮೊಂಡು ಮಾಡುತ್ತಾರೆ: "ಎ ಬಿಟ್", "ಟೆಂಡ್ಸ್ ಟು ಬಿ", "ಕ್ಯಾನ್ ಬಿ", "ಅಟ್ ಫಸ್ಟ್". "ಹೀ ಈಸ್ ರಿಝರ್ವ್ಡ್" ಎಂಬುದಕ್ಕಿಂತ "ಹೀ ಕ್ಯಾನ್ ಬಿ ಎ ಬಿಟ್ ರಿಝರ್ವ್ಡ್ ಅಟ್ ಫಸ್ಟ್" ಸೌಮ್ಯ. ನಾವು "ಸ್ವಲ್ಪ ಒಳಗೊಳಗೇ ಇರ್ತಾನೆ, ಮೊದಮೊದಲು ಅಷ್ಟೇ" ಅನ್ನುವುದಿಲ್ಲವೇ, ಅದೇ.

"ಟೂ" ಬಳಸುವಾಗ ಜಾಗ್ರತೆ. ನಮ್ಮಲ್ಲಿ "ಟೂ ಗುಡ್" ಮೆಚ್ಚುಗೆ. "ಶೀ ಈಸ್ ಟೂ ಫ್ರೆಂಡ್ಲಿ" ಎಂದರೆ ಮಾತ್ರ ಅಗತ್ಯಕ್ಕಿಂತ ಹೆಚ್ಚು, ಅನುಮಾನ ಬರುವಷ್ಟು, ಎಂದಾಗುತ್ತದೆ. ಮೆಚ್ಚುಗೆಗೆ "ವೆರಿ" ಅಥವಾ "ರಿಯಲಿ" ಸಾಕು.

"ಬಟ್" ಬಂದರೆ ಭಾರವೆಲ್ಲ ಅದರ ಆಚೆಗೆ ಹೋಗುತ್ತದೆ. "ಫ್ರೆಂಡ್ಲಿ ಬಟ್ ಶೈ" ಎಂದು ನಿಲ್ಲಿಸಿದರೆ ಕೇಳುವವರ ತಲೆಯಲ್ಲಿ ಉಳಿಯುವುದು ನಾಚಿಕೆ. "ಶೈ ಬಟ್ ಫ್ರೆಂಡ್ಲಿ" ಎಂದರೆ ಸ್ನೇಹ. ಯಾವುದು ಉಳಿಯಬೇಕೋ ಅದನ್ನು ಹಿಂದಕ್ಕೆ ಹಾಕಿ.

## ಹಂತ 7: ಸಾಕ್ಷಿ ಸಾಲು ಸೇರಿಸಿ

ಪದ ಹೇಳಿ ಬಿಟ್ಟರೆ ಯಾರೂ ನಂಬುವುದಿಲ್ಲ. ಹಂತ 1ರಲ್ಲಿ ಬರೆದ ಸಾಲನ್ನು ಈಗ ಇಂಗ್ಲಿಷಿಗೆ ತನ್ನಿ. ಒಂದು ಗುಣ, ಒಂದು ಸಾಕ್ಷಿ, ಅಷ್ಟೇ.

"ಮೈ ಸಿಸ್ಟರ್ ಈಸ್ ಶೈ ವಿತ್ ಗೆಸ್ಟ್ಸ್, ಬಟ್ ಶೀ ಈಸ್ ಕ್ವೈಟ್ ಚಾಟಿ ವಿತ್ ಪೀಪಲ್ ಶೀ ನೋಸ್. ಲಾಸ್ಟ್ ವೀಕ್ ಶೀ ಅಂಡ್ ಹರ್ ಕಸಿನ್ಸ್ ಟಾಕ್ಡ್ ಅಂಟಿಲ್ ಮಿಡ್‌ನೈಟ್." ಹೀಗೆ ಬರೆದರೆ ಇದರಲ್ಲಿ ಕಠಿಣ ಪದ ಒಂದೂ ಇಲ್ಲ, ಆದರೂ ಹುಡುಗಿ ಕಣ್ಣೆದುರು ಬರುತ್ತಾಳೆ. ಹತ್ತು ವಿಶೇಷಣ ಸಾಲಾಗಿ ನಿಲ್ಲಿಸಿದ ಉತ್ತರಕ್ಕೆ ಅದು ಸಾಧ್ಯವಿಲ್ಲ.

## ಹಂತ 8: ಜೋರಾಗಿ ಓದಿ, ಫೋನಿಗೆ ಹೇಳಿ

ನಿಘಂಟಿನ ಗುಂಡಿ ಒತ್ತಿ ಪದ ಕೇಳಿ, ಹೇಳಿ, ಫೋನಿನಲ್ಲಿ ನಿಮ್ಮ ದನಿ ಮುದ್ರಿಸಿ, ಮತ್ತೆ ಕೇಳಿ. "ರಿಝರ್ವ್ಡ್"ನಲ್ಲಿ ನಡುವಿನ ಝಕಾರ, "ಕ್ವಾಯಟ್"ನಲ್ಲಿ ಎರಡು ತುಂಡು, "ಇನ್‌ಟ್ರೊವರ್ಟ್"ನಲ್ಲಿ ಮೊದಲ ಅಕ್ಷರದ ಮೇಲೆ ಒತ್ತು, "ಗ್ರಿಗೇರಿಯಸ್"ನಲ್ಲಿ ಎರಡನೆಯದರ ಮೇಲೆ. ನಾಲ್ಕು ಬಾರಿ ಹೇಳಿದರೂ ನಾಲಿಗೆ ಹೊರಳದ ಪದವನ್ನು ಸಂದರ್ಶನಕ್ಕೆ ಒಯ್ಯಬೇಡಿ, ಸುಲಭದ್ದು ಇದ್ದೇ ಇದೆ.

## ಕೆಟ್ಟಿದೆ ಎಂಬುದರ ಸೂಚನೆಗಳು

ಬರೆದದ್ದನ್ನು ಬೇರೊಬ್ಬರ ಹೆಸರು ಹಾಕಿ ಓದಿದರೂ ಸರಿಹೊಂದುತ್ತಿದ್ದರೆ ಹಂತ 1 ಬಿಟ್ಟಿದ್ದೀರಿ.

ಒಂದೇ ಮನುಷ್ಯನಿಗೆ "ಶೈ", "ಇನ್‌ಟ್ರೊವರ್ಟ್", "ಅಲೂಫ್" ಮೂರೂ ಬಂದಿದ್ದರೆ ಹಂತ 2 ಆಗಿಲ್ಲ. ಒಬ್ಬನೇ ಮೂರೂ ಆಗಿರಲು ಬಾರದೆಂದಲ್ಲ, ಆದರೆ ಹಾಗೆ ಬರೆದವರಲ್ಲಿ ಬಹುತೇಕರು ಸಮಾನಾರ್ಥಕಗಳೆಂದು ಪೇರಿಸಿರುತ್ತಾರೆ.

ನೀವು ಯಾರ ಬಗ್ಗೆ ಬರೆದಿದ್ದೀರೋ ಅವರಿಗೇ ಓದಿ ಹೇಳಲು ಅಳುಕಾಗುತ್ತದೆಯೇ? ಹಂತ 4ಕ್ಕೆ ವಾಪಸ್ ಹೋಗಿ.

ಸಂದರ್ಶಕರು "ಯು ಮೀನ್...?" ಎಂದು ಮರುಪ್ರಶ್ನೆ ಹಾಕಿದರೆ ಪದ ಅವರಿಗೆ ಬೇರೆ ಅರ್ಥದಲ್ಲಿ ತಲುಪಿದೆ. ಅದೇ ಪದ ಜೋರಾಗಿ ಇನ್ನೊಮ್ಮೆ ಹೇಳಬೇಡಿ. ನಡೆದದ್ದನ್ನು ಒಂದು ವಾಕ್ಯದಲ್ಲಿ ಹೇಳಿ, ಅದು ತಾನಾಗಿ ತಿಳಿಯುತ್ತದೆ.

## ನಿಮ್ಮ ಬಗ್ಗೆಯೇ ಹೇಳಬೇಕಾದಾಗ

ಸಂದರ್ಶನದಲ್ಲಿ ಮಾತು ಕಡಿಮೆಯವರು "ಐ ಆ್ಯಮ್ ಆ್ಯನ್ ಎಕ್ಸ್‌ಟ್ರೊವರ್ಟ್" ಎಂದು ಸುಳ್ಳು ಹೇಳಿ ಮುಂದಿನ ಐದು ನಿಮಿಷ ಮೌನವಾಗಿ ಕೂರುತ್ತಾರೆ. ಅದರ ಬದಲು "ಐ ಆ್ಯಮ್ ಕ್ವಾಯಟ್ ಇನ್ ಲಾರ್ಜ್ ಗ್ರೂಪ್ಸ್, ಬಟ್ ಐ ವರ್ಕ್ ವೆಲ್ ಇನ್ ಎ ಸ್ಮಾಲ್ ಟೀಮ್" ಎನ್ನಿ. ಹಿಂದೆಯೇ ಕಾಲೇಜಿನ ಪ್ರಾಜೆಕ್ಟಿನದೊಂದು ಸಾಕ್ಷಿ ಕೊಡಿ. ಬೆರೆಯುವವರು "ಐ ಆ್ಯಮ್ ಎ ಪೀಪಲ್ ಪರ್ಸನ್" ಎಂದು ನಿಲ್ಲಿಸಬೇಡಿ, ಅದನ್ನು ಎಲ್ಲರೂ ಹೇಳುತ್ತಾರೆ. ಜನರ ಜೊತೆ ಏನು ಮಾಡಿದಿರಿ ಎಂಬುದನ್ನೇ ಹೇಳಿ.

ಇನ್ನು ಮದುವೆಯ ಬಯೋಡೇಟಾ. "ಹೋಮ್ಲಿ ಗರ್ಲ್, ಸಿಂಪಲ್ ಆ್ಯಂಡ್ ರಿಸರ್ವ್" ಎಂಬ ಸಾಲು ಇನ್ನೂ ಹೋಗಿಲ್ಲ. ಬ್ರಿಟನ್ನಿನಲ್ಲಿ "ಹೋಮ್ಲಿ" ಎಂದರೆ ಮನೆಯಂಥ ಹಿತ, ಅಮೆರಿಕದಲ್ಲಿ ಹುಡುಗಿಗೆ ಹೇಳಿದರೆ ನೋಡಲು ಚೆನ್ನಾಗಿಲ್ಲ ಎಂಬ ಅರ್ಥ. ನಮ್ಮ ಸೀಮೆಯ ಎಷ್ಟೋ ಮಾಣಿಗಳು (ಹುಡುಗರು) ಈಗ ಅಲ್ಲೇ ನೌಕರಿಯಲ್ಲಿರುವುದರಿಂದ, "ಎ ಬಿಟ್ ಕ್ವಾಯಟ್ ಅಟ್ ಫಸ್ಟ್, ವಾರ್ಮ್ ವಿತ್ ಫ್ಯಾಮಿಲಿ, ಲವ್ಸ್ ಕುಕಿಂಗ್ ಅಂಡ್ ಯಕ್ಷಗಾನ" ಎಂದು ಬರೆದು, ಆ ಹೋಮ್ಲಿಯನ್ನು ಫೋಟೋ ಕಳಿಸುವ ಮೊದಲೇ ಅಳಿಸಿ.